ಗೂಟದ ಮೇಲಿನ ಜೋಡು

ನಮ್ಮ ಅಪ್ಪ ಯೋನಪ್ಪ ಜನರ ಮುಖ ನೋಡುವ ಮೊದಲು ಕಾಲು ನೋಡುತ್ತಾನೆ. ಅಕ್ಕ ಸಲೋಮಿ ಬಸವಕಲ್ಯಾಣದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಹುಮನಾಬಾದಿನ ನಮ್ಮ ಮನೆಗೆ ಬಂದಾಗ ಅವಳು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಅಪ್ಪ ಎತ್ತಿ ತಿರುಗಿಸಿ ಹಿಮ್ಮಡಿಯ ಸವೆತ ನೋಡುತ್ತಾನೆ.

"ಇವತ್ತೂ ಬಸ್ಸಿನಾಗ ನಿಂತೇ ಬಂದಿ ಏನವ್ವಾ?"

"ಚಪ್ಪಲಿ ಅದನ್ನೂ ಹೇಳ್ತಾವೇನು ಅಪ್ಪಾ?"

"ಹೇಳ್ತಾವ. ಎಲ್ಲಾ ಅಲ್ಲ, ಅಷ್ಟಿಷ್ಟು ಹೇಳ್ತಾವ."

ಆ 'ಎಲ್ಲಾ ಅಲ್ಲ' ಎಂಬ ಮಾತನ್ನು ಅವನು ಕಲಿತದ್ದು ನಮ್ಮ ಕಣ್ಣ ಮುಂದೆಯೇ. ಅದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

೧೯೫೬ರಲ್ಲಿ ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಅಪ್ಪ ಮಂಠಾಳ ಬಿಟ್ಟು ಹುಮನಾಬಾದಿಗೆ ಬಂದ. ಎರಡರಲ್ಲಿ ಅವನಿಗೆ ದೊಡ್ಡದೆನಿಸಿದ್ದು ತಾನು ಬಂದದ್ದೇ. ಚರ್ಮ ಚುಚ್ಚುವ ಒಂದು ಆರಿ, ಕೊಯ್ಯುವ ಒಂದು ರಂಪಿಗೆ, ಮೇಣ ಹಚ್ಚಿದ ದಾರದ ಉಂಡೆ ಇಷ್ಟನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಮಾಣಿಕನಗರಕ್ಕೆ ತಿರುಗುವ ದಾರಿಯ ಬೇವಿನ ಮರದ ಕೆಳಗೆ ಕೂತ. ಇವತ್ತಿಗೂ ಅಲ್ಲೇ ಕೂತಿದ್ದಾನೆ. ಅಲ್ಲಿನ ಮಠಕ್ಕೆ ಹೋಗುವವರ ಚಪ್ಪಲಿಯ ಉಂಗುಟ ಹರಿದರೆ ಹೊಲಿಯುತ್ತಾನೆ. ಹೊಸ ಜೋಡು ಬೇಕೆಂದವರಿಗೆ ಅಳತೆ ಹಿಡಿದು ಮಾಡಿಕೊಡುತ್ತಾನೆ.

ಅದೇ ವರ್ಷ ಬಸವಕಲ್ಯಾಣದ ಸುಂದರಬಾಯಿಯೊಂದಿಗೆ, ಎಂದರೆ ನಮ್ಮ ಅವ್ವನೊಂದಿಗೆ, ಅವನ ಮದುವೆಯಾಯಿತು. ಮದುವೆಯ ದಿನ ತನ್ನ ಕೈಯಾರೆ ಹೊಲಿದ ಜೋಡನ್ನು ಅವಳಿಗೆ ಕೊಟ್ಟನಂತೆ. ಒಮ್ಮೆಯೂ ನೋಡದ ಹುಡುಗಿಯ ಪಾದಕ್ಕೆ ಅದು ಕೂದಲಷ್ಟೂ ಹೆಚ್ಚುಕಡಿಮೆ ಆಗಲಿಲ್ಲ ಎಂದು ಕಲ್ಯಾಣದವರೆಲ್ಲ ಬೆರಗಾದರು. ಅವ್ವನ ಅಣ್ಣ ಅವಳ ಹಳೆಯ ಚಪ್ಪಲಿ ಕದ್ದು ಕಳಿಸಿದ್ದ ಎಂಬುದು ಅವ್ವನಿಗೆ ತಿಳಿದದ್ದು ನಾನು ಹುಟ್ಟಿದ ಮೇಲೆ.

ಭಾನುವಾರ ಅಪ್ಪ ಬೇವಿನ ಮರದ ಕೆಳಗೆ ಕೂಡುವುದಿಲ್ಲ. ಅಲ್ಲಿಯೇ ತೆಂಗಿನಕಾಯಿ, ಊದಿನಕಡ್ಡಿ ಮಾರುವ ಮಹಾರುದ್ರಪ್ಪನವರಿಗೆ ಇದೊಂದು ದೊಡ್ಡ ತಕರಾರು.

"ಏನೋ ಯೋನಪ್ಪಾ, ನನ್ನ ಉಂಗುಟ ಯಾವಾಗಲೂ ಐತವಾರನೇ ಹರೀತದ. ಇದು ನಿಮ್ಮ ದೇವರ ಕಾರಭಾರ ಏನು?"

"ಶನಿವಾರನೇ ಹರದಿರ್ತದರಿ ಯಜಮಾನ್ರ. ನೀವು ಬಗ್ಗಿ ನೋಡೂದು ಐತವಾರ."

"ಹೊಟ್ಟಿ ಅಡ್ಡ ಬರ್ತದೋ, ಬಗ್ಗೂದು ಹ್ಯಾಂಗ?" ಎಂದು ಅವರೇ ನಗುತ್ತಿದ್ದರು. ಸೋಮವಾರ ಅವರ ಚಪ್ಪಲಿಗೆ ಮೊದಲ ಹೊಲಿಗೆ ಬೀಳುತ್ತಿತ್ತು.

ಭಾನುವಾರ ಅಪ್ಪನಿಗೆ ಬೇರೆ ಕೆಲಸವಿತ್ತು. ನಮ್ಮ ಕ್ರೈಸ್ತ ಸಭೆಯ ಜನ ಚಪ್ಪಲಿ ಹೊರಗೆ ಬಿಟ್ಟು ದೇವಾಲಯದೊಳಗೆ ಹೋಗುತ್ತಾರೆ. ಬಿಟ್ಟವರು ಬಿಟ್ಟಲ್ಲೇ ಬಿಟ್ಟರೆ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಹುಡುಕಾಟ, ಜಗಳ. ಹೀಗಾಗಿ ಅಪ್ಪ ಪಡಸಾಲೆಯ ಮೆಟ್ಟಿಲ ಬಳಿ ಕೂತು ಜೋಡು ಜೋಡಾಗಿ ಸಾಲು ಹಚ್ಚುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ, ತಾನೇ ಹಚ್ಚಿಕೊಂಡ ಕೆಲಸ. ಪ್ರಭು ತನ್ನ ಶಿಷ್ಯರ ಕಾಲು ತೊಳೆದ ಕಥೆ ಅವನಿಗೆ ಎಲ್ಲಕ್ಕಿಂತ ಪ್ರೀತಿಯದು. "ಕಾಲಿನ ಚಾಕರಿ ಆತನೇ ಮಾಡ್ಯಾನ. ನಮಗೇನು ನಾಚಿಕಿ?" ಎನ್ನುತ್ತಿದ್ದ.

ಸಾಲು ನೋಡಿಯೇ ಅವನು ಹಾಜರಿ ಹೇಳಬಲ್ಲ. ಎಡಹಿಮ್ಮಡಿ ಸವೆದದ್ದು ಕಂಪೌಂಡರ್ ಸಾಹೇಬರದು, ಮುಂಭಾಗ ತೇದದ್ದು ಯಾವಾಗಲೂ ಓಡುತ್ತಲೇ ಬರುವ ಟೀಚರ್‌ಬಾಯಿಯದು. ಪಾದ್ರಿ ಸಾಹೇಬರು ಎಷ್ಟೋ ಸಲ ಒಳಗೆ ಹೋಗುವ ಮುಂಚೆ ಅವನನ್ನೇ ಕೇಳುತ್ತಿದ್ದರು: "ಎಲ್ಲರೂ ಬಂದಾರೇನು ಯೋನಪ್ಪಾ?" ಅವನು ಸಾಲಿನ ಮೇಲೊಮ್ಮೆ ಕಣ್ಣಾಡಿಸಿ, "ಎರಡು ಮನಿಯವರು ಬಾಕಿ ಅದಾರ್ರಿ. ನಮ್ಮ ಮನಿ ಪೂರಾ ಒಳಗದ," ಎನ್ನುತ್ತಿದ್ದ. ಕೊನೆಯ ಮಾತು ಹೇಳುವಾಗ ಅವನ ಬೆನ್ನು ತುಸು ನೆಟ್ಟಗಾಗುತ್ತಿತ್ತು.

ಮನೆಯಲ್ಲಿ ಅವನದೊಂದು ಕ್ರಮವಿತ್ತು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನ. ಅದರ ಹಿಂದಿನ ಶನಿವಾರ ದೀಪ ಹಚ್ಚುವ ಹೊತ್ತಿಗೆ ಅಪ್ಪ ಕೈಕಾಲು ತೊಳೆದು ಬಂದು ನಮ್ಮೆದುರು ನಿಲ್ಲುತ್ತಿದ್ದ. ಮೊದಲು ಅವ್ವನಿಗೆ, ಆಮೇಲೆ ಅಕ್ಕನಿಗೆ, ಕಡೆಗೆ ನನಗೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಹೇಳುತ್ತಿದ್ದ: "ಈ ತಿಂಗಳು ನಾ ಏನರ ತಪ್ಪು ಮಾಡಿದ್ದರ ಕ್ಷಮಿಸವ್ವಾ." ತಪ್ಪು ನೆನಪಿದ್ದರೆ ಅದನ್ನೂ ಹೇಳುತ್ತಿದ್ದ. "ದೀನಾ, ಬುಧವಾರ ನಿನ್ನ ಪಾಟಿ ಒಡೀತಂತ ಬೈದೆ. ಅದರ ಮ್ಯಾಲ ಕಾಲಿಟ್ಟಾವ ನಾನೇ ಇದ್ದೆ." ಅಪ್ಪನಂಥ ಅಪ್ಪ ಎದುರು ನಿಂತು ಹೀಗೆ ಕೇಳಿದರೆ ಮೊದಮೊದಲು ನಮಗೆ ನಗು ಬರುತ್ತಿತ್ತು. ಆಮೇಲೆ ನಾವೂ ಅವನಿಗೆ ತಿರುಗಿ ಹೇಳಲು ಕಲಿತೆವು. ನಮ್ಮ ಮನೆಯ ಧರ್ಮಪಾಠದಲ್ಲಿ ನನಗೆ ಉಳಿದದ್ದು ಹೆಚ್ಚಿನ ಪಾಲು ಆ ಶನಿವಾರಗಳೇ.

ನಮ್ಮ ಸಭೆಯಲ್ಲಿ ಮಕ್ಕಳಿಗೆ ಹಸುಗೂಸಾಗಿದ್ದಾಗಲೇ ದೀಕ್ಷಾಸ್ನಾನ ಮಾಡಿಸುತ್ತಾರೆ. ಅವರ ಪರವಾಗಿ ತಂದೆತಾಯಿ ಮಾತು ಕೊಡುತ್ತಾರೆ. ಹದಿನೈದರ ಹೊತ್ತಿಗೆ ಮಕ್ಕಳು ತಾವೇ ಸಭೆಯ ಮುಂದೆ ನಿಂತು, 'ನಂಬುತ್ತೇನೆ' ಎಂದು ತಮ್ಮ ಬಾಯಿಂದ ಹೇಳಬೇಕು. ಅಲ್ಲಿಗೆ ಅವರು ಸಭೆಯ ಸದಸ್ಯರು. ಅಪ್ಪನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಇದೊಂದೇ, ತನ್ನ ಇಬ್ಬರು ಹೆಣ್ಣುಮಕ್ಕಳ ಬಾಯಿಂದ ಆ ಮಾತು ಕೇಳುವುದು. ಆ ದಿನಕ್ಕೆಂದು ಒಬ್ಬೊಬ್ಬರಿಗೂ ಒಂದೊಂದು ಜೋಡು ಹೊಲಿಯುತ್ತೇನೆಂದು ನಾವು ತೊಟ್ಟಿಲಲ್ಲಿದ್ದಾಗಲೇ ಅಂದುಕೊಂಡಿದ್ದನಂತೆ.

ಸಲೋಮಿ ಹದಿಮೂರು ತುಂಬಿದಾಗ, ಆ ಮಾತಿಗೆ ತಯಾರು ಮಾಡುವ ಟೀಚರ್‌ಬಾಯಿಯ ತರಗತಿಗೆ ಹೋಗತೊಡಗಿದಳು. ಆರಾಧನೆಯಲ್ಲಿ ಅದರ ಹುಡುಗಿಯರು ಮುಂದಿನ ಸಾಲಿನಲ್ಲಿ ಕೂಡಬೇಕು. ಅವ್ವ ಮತ್ತು ನಾನು ಹಿಂದೆ, ಕಂಬದ ಮರೆಯಲ್ಲಿ. ಮುಂದೆ ಕೂತವರು ಅವ್ವನಿಗೆ ಕಾಣುತ್ತಿರಲಿಲ್ಲ. ನಾನು ಕುತ್ತಿಗೆ ಉದ್ದ ಮಾಡಿದರೆ ಕಾಣುತ್ತಿತ್ತು. ಕೆಲವು ವಾರಗಳಾದ ಮೇಲೆ ಅಲ್ಲಿ ಸಲೋಮಿ ಇರಲಿಲ್ಲ.

ದೇವಾಲಯದ ಹಿಂದಿನ ಗೋಡೆಯ ಆಚೆ ಗೌಹರ ಚಾಚಿಯ ಮನೆ. ಅವರ ಮಗಳು ರಹೀಮಾ ಅಕ್ಕನ ತರಗತಿಯವಳು. ಚಾಚಿಯ ಗಂಡ ಹೈದರಾಬಾದಿನಿಂದ ಟ್ರಾನ್ಸಿಸ್ಟರ್ ರೇಡಿಯೋ ತಂದಿಟ್ಟಿದ್ದರು. ಅಕ್ಕ ಎಲ್ಲರೊಡನೆ ಬಂದು ಮೆಟ್ಟಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅಪ್ಪ ಅದನ್ನು ಸಾಲಿಗೆ ಹಚ್ಚುವಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಹೊರಬಿದ್ದು, ಬರಿಗಾಲಲ್ಲಿ ಗೋಡೆ ಹತ್ತಿ ಇಳಿಯುತ್ತಿದ್ದಳು. ಕಡೆಯ ಪ್ರಾರ್ಥನೆಯ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸು. ಟೀಚರ್‌ಬಾಯಿ ಕೇಳಿದರೆ ಅವ್ವನ ಹತ್ತಿರ ಕೂತಿದ್ದೆ ಎನ್ನುತ್ತಿದ್ದಳು, ಅವ್ವ ಕೇಳಿದರೆ ಟೀಚರ್‌ಬಾಯಿಯ ಹತ್ತಿರ. ಮನೆಗೆ ಮರಳುವಾಗ ಹೊಸ ಹಾಡನ್ನು ನನ್ನ ಕಿವಿಯಲ್ಲಿ ಗುನುಗುತ್ತಿದ್ದಳು. ಅದು ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ ಪಾಲು.

ಒಂದು ಭಾನುವಾರ ಸಂಜೆ ಅವಳು ಕುಂಟುತ್ತಿದ್ದಳು. ಅಪ್ಪ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಆರಿಯ ಮೊನೆಯಿಂದ ಜಾಲಿ ಮುಳ್ಳು ತೆಗೆದ.

"ಚಪ್ಪಲಿ ಹಾಕ್ಕೊಂಡು ಹೋದಾಕಿಗಿ ಮುಳ್ಳು ಹ್ಯಾಂಗ ನೆಡ್ತವ್ವಾ?"

"ನೀರಿಗಿ ಹೋದಾಗ ನೆಟ್ಟಿರಬೇಕಪ್ಪಾ."

ಅವನು ಹಿಮ್ಮಡಿಯ ಬಿರುಕುಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಪಾದವನ್ನು ಮೆಲ್ಲಗೆ ಕೆಳಗಿಟ್ಟ. ಮತ್ತೇನೂ ಕೇಳಲಿಲ್ಲ.

೧೯೭೬ರಲ್ಲಿ ಪಾದ್ರಿ ಸಾಹೇಬರು ಮಾತು ಕೊಡುವ ಮಕ್ಕಳ ಪಟ್ಟಿ ಬರೆಯುತ್ತ ಮೆಟ್ಟಿಲ ಬಳಿ ನಿಂತು ಕೇಳಿದರು, "ನಿಮ್ಮ ಸಲೋಮಿ ಹೆಸರು ಬರೀಲೇನು? ತರಗತಿಗೆ ಸರಿಯಾಗಿ ಬರಾಕತ್ತಾಳಲ್ಲಾ?" ಟೀಚರ್‌ಬಾಯಿಯನ್ನು ಕೇಳಬಹುದಿತ್ತು. ಆದರೆ ಯೋನಪ್ಪನ ಮಾತೆಂದರೆ ಹಾಜರಿ ಪುಸ್ತಕಕ್ಕಿಂತ ಹೆಚ್ಚು.

"ಎರಡು ವರ್ಷದಾಗ ಒಂದು ಐತವಾರ ತಪ್ಪಿಲ್ಲರಿ ಸಾಹೇಬ್ರ. ಬರೀರಿ," ಎಂದ ಅಪ್ಪ.

ಆ ವಾರವೆಲ್ಲ ಅವನು ಅಕ್ಕನ ಜೋಡು ಹೊಲಿದ. ಮೆತ್ತನೆಯ ಚರ್ಮ, ಉಂಗುಟದ ಸುತ್ತ ಕೆಂಪು ದಾರದ ಸಣ್ಣ ಹೂವು. ಭಾನುವಾರ ಆರಾಧನೆ ಮುಗಿದ ಮೇಲೆ ಮಾತು ಕೊಟ್ಟ ಮಗಳ ಕಾಲಿಗೆ ತಾನೇ ತೊಡಿಸಬೇಕೆಂದು ಅದನ್ನು ವಸ್ತ್ರದಲ್ಲಿ ಸುತ್ತಿ ತಂದಿದ್ದ.

ಅಕ್ಕನಿಗೆ ತನ್ನ ಹೆಸರು ಪಟ್ಟಿಯಲ್ಲಿದೆಯೆಂದು ಗೊತ್ತಿತ್ತು. ಆ ದಿನವೂ ಅವಳು ಗೋಡೆ ಹತ್ತಿದಳು. ಪಾದ್ರಿ ಸಾಹೇಬರು ಐದು ಹೆಸರು ಓದಿದರು. ನಾಲ್ವರು ಎದ್ದರು. "ಸಲೋಮಿ, ಯೋನಪ್ಪನ ಮಗಳು," ಎಂದು ಮತ್ತೊಮ್ಮೆ ಕರೆದರು. ಆ ನಿಶ್ಶಬ್ದದಲ್ಲಿ ಗೋಡೆಯಾಚೆಯ ಟ್ರಾನ್ಸಿಸ್ಟರ್ ಹಾಡು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಮೆಟ್ಟಿಲಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತ. ಒಮ್ಮೆ ಒಳಗಿನ ಸಾಲು ನೋಡಿದ, ಒಮ್ಮೆ ಹೊರಗಿನ ಸಾಲು ನೋಡಿದ. ಹೊರಗೆ ಅವಳ ಚಪ್ಪಲಿ ಇತ್ತು.

ಹೊರಗೆ ಬಂದ ಮೇಲೆ ಪಾದ್ರಿ ಸಾಹೇಬರು ಬೇಸರದಿಂದಲೇ ಅಂದರು, "ಒಂದು ಐತವಾರ ತಪ್ಪಿಲ್ಲ ಅಂದಿದ್ದಿಯಲ್ಲೋ ಯೋನಪ್ಪಾ?"

"ಚಪ್ಪಲಿ ತಪ್ಪಿಲ್ಲರಿ ಸಾಹೇಬ್ರ," ಎಂದ ಅಪ್ಪ. ಸುತ್ತ ನಿಂತವರು ನಕ್ಕರು. ಅವನು ನಗಲಿಲ್ಲ.

ಮನೆಯಲ್ಲಿ ಅವ್ವನ ಸಿಟ್ಟು ಒಲೆಯ ಮೇಲಿನ ಪಾತ್ರೆಗಳಿಗೆಲ್ಲ ಗೊತ್ತಾಯಿತು. ಅಕ್ಕ ಮೂಲೆಯಲ್ಲಿ ನಿಂತಿದ್ದಳು, ಹೊಡೆತಕ್ಕೂ ಬೈಗುಳಕ್ಕೂ ತಯಾರಾಗಿ. ಅಪ್ಪ ಕೈಕಾಲು ತೊಳೆದು ಬಂದ. ಕ್ಷಮೆ ಕೇಳುವ ಶನಿವಾರಕ್ಕೆ ಇನ್ನೂ ತಿಂಗಳಿತ್ತು. ಅವನು ಅಕ್ಕನೆದುರು ನಿಂತ.

"ಸಲೋಮಿ, ನನ್ನ ಕ್ಷಮಿಸವ್ವಾ. ಎರಡು ವರ್ಷ ನಿನ್ನ ಚಪ್ಪಲಿ ನೋಡೇನಿ, ನಿನ್ನ ನೋಡಿಲ್ಲ. ಮುಳ್ಳು ಕೈಯಾಗ ಹಿಡದೂ ಕೇಳಲಿಲ್ಲ."

ಅಕ್ಕ ತಲೆ ತಗ್ಗಿಸಿಕೊಂಡು ಮಾತಾಡಿದಳು.

"ಹಾಡಿನ ಆಸೆಕ್ಕ ಹೋಗಿದ್ದು ಸುಳ್ಳಲ್ಲಪ್ಪಾ. ಆದ್ರ ಮೊದಲ ದಿನ ಅದಕ್ಕ ಹೋಗಿಲ್ಲ. ಮನಸಿನಾಗ ಸಂಶಯ ಇಟ್ಕೊಂಡು ನಂಬತೇನಿ ಅಂದ್ರ ಅದು ದೇವರ ಮುಂದ ಸುಳ್ಳು ಅಂದ್ರು ಟೀಚರ್‌ಬಾಯಿ. ನನಗ ಸಂಶಯ ಅದ. ಸುಳ್ಳು ಹೇಳಬ್ಯಾಡ ಅಂತ ನೀನೇ ಕಲಿಸಿದಿ."

"ಹೋಗಿ ಬಂದದ್ದು ಸುಳ್ಳಲ್ಲೇನು?" ಎಂದಳು ಅವ್ವ ಒಲೆಯ ಮುಂದಿನಿಂದ.

"ಅದು ಸುಳ್ಳೇ ಅವ್ವಾ. ನನ್ನ ಕ್ಷಮಿಸ್ರಿ."

ಅಪ್ಪ ಹೇಳಿದ, "ಹಂಗಾರ ಹೇಳಬ್ಯಾಡ. ಮಾತು ತಾನಾಗಿ ಬಂದ ದಿನ ಹೇಳು. ಐತವಾರ ಚಾಚಿ ಮನಿಗಿ ಹೋಗೂದಿದ್ದರ ಓಣಿ ಹಿಡದು ಬಾಗಲದಿಂದ ಹೋಗು. ಚಪ್ಪಲಿ ಹಾಕ್ಕೊಂಡು ಹೋಗು. ಗ್ವಾಡಿ ಹಿಂದ ಜಾಲಿ ಮುಳ್ಳು ಭಾಳ ಅವ."

"ಏನು ಹೇಳಾಕತ್ತೀರಿ, ತಿಳೀತದೇನು ನಿಮಗ?" ಅವ್ವ ಒಲೆ ಬಿಟ್ಟು ಎದ್ದೇ ಬಂದಳು.

"ಪೂರಾ ತಿಳಿದಿಲ್ಲ," ಎಂದ ಅಪ್ಪ.

ಹೊಸ ಜೋಡನ್ನು ವಸ್ತ್ರದಿಂದ ಬಿಚ್ಚಿ ಗೋಡೆಯ ಗೂಟಕ್ಕೆ ತೂಗಿಸಿದ. ಅದರ ಕೆಳಗೇ ನಮ್ಮ ಸಂಜೆಯ ಪ್ರಾರ್ಥನೆ ನಡೆಯುತ್ತಿತ್ತು. ಅಕ್ಕ ಅದರಲ್ಲಿ ಎಂದೂ ತಪ್ಪಿಸಿಕೊಂಡವಳಲ್ಲ. ನಮ್ಮೊಡನೆ ಕೂಡುತ್ತಿದ್ದಳು, ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದಳು. ಭಾನುವಾರ ಮಾತ್ರ ಓಣಿ ಹಿಡಿದು ಚಾಚಿಯ ಮನೆಗೆ. ನಿಜ ತಿಳಿದ ಚಾಚಿ ಮೊದಲ ವಾರ ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ನಮಾಜು ಬಿಟ್ಟು ಇಲ್ಲಿ ಬರ್ತಿದ್ದಿ ಏನು ಬೇಟಿ? ನಿಮ್ಮ ಅಬ್ಬಾಗ ಗೊತ್ತದ?" ಎಂದು ಕೇಳಿದರಂತೆ. ಗೊತ್ತಿದೆ ಎಂದ ಮೇಲೂ ನಂಬದೆ ಅಪ್ಪನನ್ನೇ ಕೇಳಿ ಬಂದರು.

ಎರಡು ವರ್ಷ ಹೀಗೆ ನಡೆಯಿತು. ಕಲ್ಯಾಣದ ಮಾಮ ಬಂದಾಗಲೆಲ್ಲ ಗೂಟದತ್ತ ನೋಡಿ, "ಹೆಣ್ಣುಹುಡುಗಿಗಿ ಸಡ್ಲ ಬಿಟ್ಟಿ ಯೋನಪ್ಪಾ," ಎನ್ನುತ್ತಿದ್ದ. "ಬಿಗಿ ಆದ್ರ ಕಚ್ತದ ಭಾವಾ," ಎಂದು ಅಪ್ಪ ನಕ್ಕುಬಿಡುತ್ತಿದ್ದ. ಆದರೆ ಅವನಿಗೆ ಚಿಂತೆ ಇರಲಿಲ್ಲ ಎನ್ನಲಾರೆ. ಹಾಕದ ಚಪ್ಪಲಿ ಒಣಗಿ ಸೆಟೆಯುತ್ತದೆ. ಪ್ರತಿ ಶನಿವಾರ ಅವನು ಗೂಟದ ಜೋಡನ್ನು ಇಳಿಸಿ ಕುಸುಬೆ ಎಣ್ಣೆ ಸವರಿ ಮತ್ತೆ ತೂಗಿಸುತ್ತಿದ್ದ. ಭಾನುವಾರ ಸಾಲು ನೋಡಿ ಹಾಜರಿ ಹೇಳುವುದನ್ನು ಬಿಟ್ಟಿದ್ದ. ಹಾಡು ಶುರುವಾದಾಗ ಬಾಗಿಲಿಗೆ ಬಂದು ತಲೆಗಳನ್ನು ಎಣಿಸಿ ಹೋಗುತ್ತಿದ್ದ.

೧೯೭೮ರಲ್ಲಿ ನನ್ನ ಸರದಿ ಬಂತು. ಅದರ ಹಿಂದಿನ ಶನಿವಾರ ಅಪ್ಪ ಎಂದಿನಂತೆ ಎಲ್ಲರಲ್ಲೂ ಕ್ಷಮೆ ಕೇಳಿದ. ಅಕ್ಕನ ಮುಂದೆ ಬಂದಾಗ ಅವಳು ಕೇಳಿದಳು, "ಅಪ್ಪಾ, ನಿನಗ ಎಂದೂ ಸಂಶಯ ಬಂದಿಲ್ಲೇನು?"

"ಬರ್ತದವ್ವಾ. ಯಾಕ ಬರಂಗಿಲ್ಲ?"

"ಬಂದಾಗ ಏನು ಮಾಡ್ತಿ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ನಾ ಹೊಲಿದ ಚಪ್ಪಲಿ ಹರೀತಾವೋ ಇಲ್ಲೋ? ಹರೀತಾವ. ಹರದಲ್ಲೇ ಕೂತು ಮತ್ತ ಹೊಲೀತೀನಿ. ನಂಬಿಕಿಗೂ ಹಂಗೇ ಮಾಡೇನಿ. ನೀ ಹುಟ್ಟೂ ಮುಂಚಿಂದ ಮಾಡಾಕತ್ತೇನಿ."

"ಮತ್ತ ಆಗ ಯಾಕ ಹೇಳಲಿಲ್ಲ?"

"ನೀ ನನ್ನ ಕೇಳಲಿಲ್ಲವ್ವಾ. ನಿನ್ನದು ಹೇಳಿದಿ, ನಾ ಕೇಳಿದೆ. ನನ್ನದು ಹೇಳಾಕ ನನಗೂ ನಾಚಿಕಿ ಬಂತು."

ಅಕ್ಕ ಎದ್ದು ಗೂಟದ ಜೋಡನ್ನು ಇಳಿಸಿ ಕಾಲಿಗೆ ಹಾಕಿ ನೋಡಿದಳು. ಹಿಮ್ಮಡಿ ಒಂದು ಬೆರಳು ಹೊರಗೆ ಉಳಿಯಿತು. ಅವ್ವನ ಮುಖದಲ್ಲಿ ಮೂಡಿದ್ದ ಬೆಳಕು ಹಾಗೆಯೇ ಇಳಿಯಿತು. ಅಕ್ಕ ಬಗ್ಗಿ ಅದನ್ನು ನನ್ನ ಪಾದಕ್ಕೆ ತೊಡಿಸಿದಳು.

"ದೀನಾಗ ಸರಿ ಕೂಡ್ತಾವ ನೋಡಪ್ಪಾ. ನಾಳೆ ಇಕಿ ಹಾಕ್ಕೊಳ್ಲಿ."

ನನಗೆಂದು ಹೊಲಿಯುತ್ತಿದ್ದ ಜೋಡಿಗೆ ಕಡೆಯ ಹೊಲಿಗೆಯಷ್ಟೇ ಬಾಕಿ ಇತ್ತು; ಅಪ್ಪ ಅದನ್ನು ಎತ್ತಿ ಬದಿಗಿಟ್ಟ. "ಆಗಲಿ," ಎಂದ. ಜೋಡು ಬಿಟ್ಟುಕೊಟ್ಟದ್ದನ್ನು ಅವನು, ಮಾತು ಕೊಡಲಾರೆ ಎಂಬ ಅವಳ ಉತ್ತರವೆಂದೇ ತಿಳಿದ. ನಾನೂ ಹಾಗೆಯೇ ತಿಳಿದೆ. ಕೆಂಪು ದಾರದ ಹೂವು ನನ್ನ ಹೆಬ್ಬೆರಳಿನ ಬಳಿ ಕೂತದ್ದು ನನಗೆ ಖುಷಿ ಕೊಡಲಿಲ್ಲ.

ಮರುದಿನ ನಾನು ಆ ಜೋಡನ್ನು ಮೆಟ್ಟಿಲಲ್ಲಿ ಬಿಟ್ಟು ಒಳಗೆ ಹೋದೆ. ಅಪ್ಪ ಅದನ್ನು ಸಾಲಿಗೆ ಹಚ್ಚಿದ. ಹಾಡು ಶುರುವಾದಾಗ ಬಾಗಿಲಿಗೆ ಬಂದು ತಲೆ ಎಣಿಸಿದ, ಹೊರಗೆ ಹೋಗಿ ಕೂತ. ಪಾದ್ರಿ ಸಾಹೇಬರು ಮೂರು ಹೆಸರು ಓದಿದರು. ನಾನು ಕಡೆಯವಳು. 'ನಂಬುತ್ತೇನೆ' ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಸಾಹೇಬರು ಪಟ್ಟಿ ಮಡಚುತ್ತಿದ್ದರು.

"ಸಾಹೇಬ್ರ," ಎಂದಿತು ಪಕ್ಕದ ಬಾಗಿಲಿನಿಂದ ಒಂದು ದನಿ. "ಎರಡು ವರ್ಷದ ಹಿಂದಿನ ಪಟ್ಟಿಯಾಗ ನನ್ನ ಹೆಸರು ಇತ್ತರಿ. ಇನ್ನೂ ಅದ ಏನ್ರಿ?"

ಎಲ್ಲರೂ ತಿರುಗಿದರು. ಸಲೋಮಿ ನಿಂತಿದ್ದಳು. ಬರಿಗಾಲು, ಲಂಗದ ಅಂಚಿಗೆ ಗೋಡೆಯ ಸುಣ್ಣ. ಚಾಚಿಯ ಮನೆಯಲ್ಲಿ ಕೂತಿದ್ದವಳಿಗೆ ನಮ್ಮ ಹಾಡು ಕೇಳಿಸಿತಂತೆ. ಓಣಿ ಸುತ್ತಿ ಬರುವಷ್ಟು ಹೊತ್ತು ಇಲ್ಲವೆನಿಸಿ, ಹಳೆಯ ದಾರಿಯನ್ನೇ ಹಿಡಿದಿದ್ದಳು.

ಪಾದ್ರಿ ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಅದ. ನಾ ಕಾಟು ಹೊಡೀತೀನಿ ಅಂದೆ. ನಿಮ್ಮಪ್ಪ ಹೊಡಿಯಾಕ ಬಿಡಲಿಲ್ಲ."

ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಮುಂದೆ ಬಂದು ನನ್ನ ಪಕ್ಕದಲ್ಲಿ ನಿಂತಳು.

"ನಂಬತೇನ್ರಿ. ಸಂಶಯಾನೂ ಅದ. ಅದನ್ನೂ ತಗೊಂಡೇ ಬಂದೇನಿ. ನಡೀತದೇನ್ರಿ?"

ಟೀಚರ್‌ಬಾಯಿ ಏನೋ ಹೇಳಲು ಬಾಯಿ ತೆರೆದರು. ಪಾದ್ರಿ ಸಾಹೇಬರು ಅವರತ್ತ ನೋಡದೆ, "ನಡೀತದವ್ವಾ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಆಗ ನಾನು ಬಾಗಿಲತ್ತ ನೋಡಿದೆ. ಪ್ರಭು ಭೋಜನದ ಹೊತ್ತು ಬಿಟ್ಟರೆ ಆರಾಧನೆಯ ನಡುವೆ ಎಂದೂ ಮೆಟ್ಟಿಲ ಕೆಲಸ ಬಿಟ್ಟು ಒಳಗೆ ಬಾರದ ಅಪ್ಪ ದೇವಾಲಯದ ನಟ್ಟನಡುವೆ ಬಂದು ನಿಂತಿದ್ದ. ಹೊರಗಿನ ಸಾಲಿನಲ್ಲಿ ಅವಳ ಚಪ್ಪಲಿ ಇರಲಿಲ್ಲ. ಮಗಳು ಒಳಗಿರುವುದು ಅವನಿಗೆ ತಿಳಿದದ್ದು ಅವಳ ದನಿಯಿಂದ. ಅವನ ಕೈಯಲ್ಲಿ ಟೀಚರ್‌ಬಾಯಿಯ ಒಂದು ಚಪ್ಪಲಿ ಹಾಗೆಯೇ ಇತ್ತು. ಅದು ಕೈಯಲ್ಲಿದೆ ಎಂಬುದು ಅವನಿಗೆ ನೆನಪಿರಲಿಲ್ಲ. ಅದರಿಂದಲೇ ಕಣ್ಣೊರೆಸಿಕೊಳ್ಳಲು ಹೋಗಿ, ನೋಡಿ, ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಆರಾಧನೆ ಮುಗಿದು ಎಲ್ಲರೂ ಹೊರಬಂದಾಗ ಹಿಂದಿನ ಗೋಡೆಯ ಮೇಲೆ ಗೌಹರ ಚಾಚಿಯ ತಲೆ ಕಾಣಿಸಿತು.

"ಯೋನಪ್ಪ ಭಾಯ್! ನಿಮ್ಮ ಮಗಳು ನಮ್ಮ ಬಾಗಲದಾಗ ಚಪ್ಪಲಿ ಬಿಟ್ಟು ಓಡಿ ಬಂದಾಳ. ಮೊದಲು ನಿಮ್ಮಲ್ಲಿ ಬಿಟ್ಟು ನಮ್ಮಲ್ಲಿ ಬರ್ತಿದ್ದಳು, ಈಗ ನಮ್ಮಲ್ಲಿ ಬಿಟ್ಟು ನಿಮ್ಮಲ್ಲಿ. ಇವಳ ಚಪ್ಪಲಿ ಕಾಯೂದೇ ಆತು!"

ಅಪ್ಪ ಹೋಗಿ ಎರಡೂ ಕೈಯಲ್ಲಿ ಇಸಿದುಕೊಂಡ.

ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅವನು ಹಳೆಯ ಪತ್ರಿಕೆಯ ಹಾಳೆ ಹಾಸಿ, ಇದ್ದಲಿನ ತುಂಡು ಹಿಡಿದು ಕೂತ. "ಬಾ ಸಲೋಮಿ, ಅಳತಿ ಕೊಡು." ಅಕ್ಕ ಹಾಳೆಯ ಮೇಲೆ ಪಾದ ಇಟ್ಟಳು. ಇದ್ದಲು ಹಿಮ್ಮಡಿ ಸುತ್ತಿ ಬೆರಳುಗಳ ಸಂದಿಗೆ ಬಂದಾಗ ಕಚಗುಳಿಯಾಗಿ ನಕ್ಕುಬಿಟ್ಟಳು. ಗೆರೆ ಸೊಟ್ಟಗಾಯಿತು.

"ಅಲುಗಾಡಬ್ಯಾಡವ್ವಾ."

"ನೀ ಬೇಗ ಎಳಿ ಅಪ್ಪಾ."

"ಬೇಗ ಆಗೂದಿಲ್ಲ ಇದು," ಎಂದು ಅಪ್ಪ ಹಾಳೆಯ ಮಗ್ಗುಲು ತಿರುಗಿಸಿ, ಅವಳ ಪಾದವನ್ನು ಎಡಗೈಯಲ್ಲಿ ಹಿಡಿದು, ಮೊದಲಿನಿಂದ ಗೆರೆ ಎಳೆಯತೊಡಗಿದ.